ಲಾಕಪ್ಪಿನಲ್ಲಿ ಆರೋಪಿ ಇದ್ದಾಗ: ಠಾಣೆಗೆ ಹೊಸದಾಗಿ ಬಂದವರಿಗೆ

ಲಾಕಪ್ ಬಾಗಿಲು ತೆಗೆಯುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ಮನುಷ್ಯ ಒಳಗೆ ಇರಲೇಬೇಕಾ? ಇರಬೇಕು ಅನ್ನುವುದಾದರೆ ಯಾವ ಕಾಗದದ ಮೇಲೆ ಇರುತ್ತಾನೆ? ಎರಡಕ್ಕೂ ಉತ್ತರ ಸಿಗುವ ತನಕ ಬೀಗದ ಕೈ ಮುಟ್ಟಬೇಡಿ.

ನಾನು ರಿಟೈರ್ಡ್ ಎಎಸ್‌ಐ. ತುಮಕೂರು, ಹಾಸನದ ಕಡೆಯ ತಾಲ್ಲೂಕು ಠಾಣೆಗಳಲ್ಲಿ ಪಹರೆ ಮಾಡಿದ್ದೇನೆ, ಎಸ್ಕಾರ್ಟ್ ಹೋಗಿದ್ದೇನೆ, ಹೆಚ್ಚು ಕಾಲ ಠಾಣೆಯ ಕಾಗದಪತ್ರ ಬರೆಯುವ ಸ್ಟೇಷನ್ ರೈಟರ್ ಆಗಿ ಕೂತಿದ್ದೇನೆ. ಹೊಸ ಕಾನೂನು ಬಂದ ಮೇಲೂ ಸ್ವಲ್ಪ ಕಾಲ ಸರ್ವಿಸ್‌ನಲ್ಲಿದ್ದೆ. ಟ್ರೈನಿಂಗ್‌ನಲ್ಲಿ ನಿಮಗೆ ಸೆಕ್ಷನ್ ಬಾಯಿಪಾಠ ಮಾಡಿಸುತ್ತಾರೆ, ಪೆರೇಡ್ ಮಾಡಿಸುತ್ತಾರೆ. ರಾತ್ರಿ ಎರಡು ಗಂಟೆಗೆ ಒಳಗಿರುವವನು ಗೊರಕೆ ಹೊಡೆಯುತ್ತಿದ್ದಾನೋ ಜೀವ ಬಿಡುತ್ತಿದ್ದಾನೋ ಅಂತ ಗೊತ್ತುಮಾಡಿಕೊಳ್ಳುವುದು ಹೇಗೆ ಅಂತ ಯಾರೂ ಹೇಳಿಕೊಡುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಲಾಕಪ್‌ನಲ್ಲಿರುವ ಆರೋಪಿ ಠಾಣೆಯವನಲ್ಲ, ಕೋರ್ಟಿನವನು. ತಂದಾಗ ಹೇಗಿದ್ದನೋ ಹಾಗೇ ಒಪ್ಪಿಸಬೇಕು. ತನಿಖೆ ಐಓ (ತನಿಖಾಧಿಕಾರಿ) ತಲೆನೋವು. ಅವನ ಜೀವ ಮಾತ್ರ ಆ ಹೊತ್ತಿಗೆ ಪಹರೆಯಲ್ಲಿರುವವರ ತಲೆನೋವು. ಸಾಹೇಬರು ಬೇರೆ ಏನೇ ಹೇಳಲಿ, ನಾಳೆ ವಿಚಾರಣೆಗೆ ಮ್ಯಾಜಿಸ್ಟ್ರೇಟರು ಬಂದು ಕೂತರೆ ಮೊದಲು ಕರೆಯುವುದು ಸೆಂಟ್ರಿಯನ್ನು, ಎರಡನೆಯದಾಗಿ ರೈಟರನ್ನು.

ಕಾಗದ ಮೊದಲು

2024ರ ಜುಲೈ 1ರಿಂದ ನಮಗೆ ಸಿಆರ್‌ಪಿಸಿ (ಹಳೇ ದಂಡ ಪ್ರಕ್ರಿಯಾ ಸಂಹಿತೆ) ಇಲ್ಲ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಹಳೇ 41, 41ಎ ಈಗ 35ನೇ ಸೆಕ್ಷನ್. ಏಳು ವರ್ಷದವರೆಗಿನ ಶಿಕ್ಷೆಯ ಕೇಸಾದರೆ ಬಂಧನ ಯಾಕೆ ಅವಶ್ಯ ಅಂತ ಕಾರಣ ಬರೆಯಬೇಕು. ಕಾರಣ ಇಲ್ಲವೆಂದರೆ ನೋಟಿಸ್ ಕೊಟ್ಟು ಕಳಿಸಬೇಕು. 2014ರ ಅರ್ನೇಶ್ ಕುಮಾರ್ ತೀರ್ಪಿನಿಂದಲೂ ಇದೇ ಮಾತು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧ, ಆರೋಪಿಗೆ ಅರವತ್ತು ದಾಟಿದೆ ಅಥವಾ ಮೈಗೆ ಹುಷಾರಿಲ್ಲ ಅಂದರೆ ಡಿವೈಎಸ್‌ಪಿ ಅನುಮತಿ ಇಲ್ಲದೆ ಬಂಧಿಸುವಂತೆಯೇ ಇಲ್ಲ. ನಮ್ಮ ಠಾಣೆಗಳ ಲಾಕಪ್‌ನಲ್ಲಿ ಒಂದು ರಾತ್ರಿ ಕಳೆದವರಲ್ಲಿ ಎಷ್ಟೋ ಮಂದಿ ಬದು ಜಗಳದವರು, ಕುಡಿದು ಬೈದಾಡಿದವರು. ನೋಟಿಸ್ ಕೊಟ್ಟು ಮನೆಗೆ ಕಳಿಸಿದರೆ ಪಹರೆಯೂ ಬೇಡ, ಊಟವೂ ಬೇಡ, ಭಯವೂ ಬೇಡ. ಖಾಲಿ ಲಾಕಪ್‌ನಷ್ಟು ನೆಮ್ಮದಿ ಇನ್ನೊಂದಿಲ್ಲ.

ಬಂಧನ ಆಗಿಯೇ ಆಗಿದೆ ಅನ್ನಿ. ಅರೆಸ್ಟ್ ಮೆಮೋದಲ್ಲಿ ಸಮಯ ಸರಿಯಾಗಿರಲಿ. ಬೆಳಿಗ್ಗೆ ಹತ್ತಕ್ಕೆ ತೋಟದಿಂದ ಎತ್ತಿಕೊಂಡು ಬಂದು, ಮಾರನೇ ದಿನ ಸಂಜೆ 'ಈಗ ತಾನೇ ಬಸ್ ಸ್ಟ್ಯಾಂಡ್ ಹತ್ತಿರ ದಸ್ತಗಿರಿ' ಅಂತ ಬರೆಯುವ ಚಾಳಿ ಹಳೇದು. ಈಗ ಅದು ನಡೆಯುವುದಿಲ್ಲ. ಅವನ ಮೊಬೈಲ್ ಟವರ್ ಹೇಳುತ್ತದೆ, ಟೋಲ್ ಗೇಟ್ ಹೇಳುತ್ತದೆ, ನಮ್ಮದೇ ಠಾಣೆಯ ಕ್ಯಾಮೆರಾ ಹೇಳುತ್ತದೆ. ಸಂವಿಧಾನದ 22ನೇ ವಿಧಿ, ಸಂಹಿತೆಯ 58ನೇ ಸೆಕ್ಷನ್ ಹೇಳುವ 24 ಗಂಟೆ ನೀವು ಪೆನ್ನು ಹಿಡಿದಾಗ ಶುರುವಾಗುವುದಲ್ಲ, ಅವನು ತನ್ನ ಪಾಡಿಗೆ ಎದ್ದು ಹೋಗುವ ಹಾಗಿಲ್ಲ ಅಂತ ಆದ ಗಳಿಗೆಯಲ್ಲಿ ಶುರುವಾಗುತ್ತದೆ. ಕೋರ್ಟಿಗೆ ಹೋಗುವ ದಾರಿಯ ಹೊತ್ತು ಮಾತ್ರ ಅದರಲ್ಲಿ ಸೇರುವುದಿಲ್ಲ. ಭಾನುವಾರ, ಹಬ್ಬ ಅಂತ ರಿಯಾಯಿತಿ ಇಲ್ಲ. ಇನ್‌ಚಾರ್ಜ್ ಮ್ಯಾಜಿಸ್ಟ್ರೇಟರು ಯಾರು ಅಂತ ಶುಕ್ರವಾರವೇ ತಿಳಿದುಕೊಂಡು ಅವರ ಮನೆಗೇ ಹಾಜರುಪಡಿಸಿ. ರಾತ್ರಿ ಹತ್ತಕ್ಕೆ ಸಾಹೇಬರ ಮನೆ ಗೇಟಿನ ಮುಂದೆ ಆರೋಪಿ ಜೊತೆ ಸೊಳ್ಳೆ ಕಚ್ಚಿಸಿಕೊಂಡು ನಿಲ್ಲುವುದು ಈ ನೌಕರಿಯ ಭಾಗ.

ಮೆಮೋಗೆ ಮನೆಯವರ ಅಥವಾ ಊರಿನ ಗೌರವಸ್ಥರೊಬ್ಬರ ಸಾಕ್ಷಿ ಸಹಿ, ಆರೋಪಿಯ ಸಹಿ. ಅವನು ಹೇಳಿದ ಒಬ್ಬರಿಗೆ ಸುದ್ದಿ ಮುಟ್ಟಿಸಿ, ಯಾರಿಗೆ, ಎಷ್ಟು ಗಂಟೆಗೆ, ಯಾವ ನಂಬರಿಗೆ ಅಂತ ರಿಜಿಸ್ಟರಿನಲ್ಲಿ ಬರೆಯಿರಿ. ಬಂಧನದ ಕಾರಣವನ್ನು ಬರವಣಿಗೆಯಲ್ಲೇ, ಅವನಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇದನ್ನು ಎಲ್ಲಾ ಅಪರಾಧಗಳಿಗೂ ಅನ್ವಯಿಸಿತು; ಕೂಡಲೇ ಬರೆದು ಕೊಡಲು ಆಗದ ಸಂದರ್ಭದಲ್ಲೂ ರಿಮ್ಯಾಂಡ್‌ಗೆ (ಮುಂದೆ ಬಂಧನದಲ್ಲಿಡುವ ಆದೇಶಕ್ಕೆ) ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಎರಡು ಗಂಟೆ ಮುಂಚೆಯಾದರೂ ಅದು ಅವನ ಕೈಯಲ್ಲಿರಬೇಕು. ಇಲ್ಲದಿದ್ದರೆ ಬಂಧನವೇ ಬಿದ್ದುಹೋಗುತ್ತದೆ. ಕಟ್ಟಡ ಕೆಲಸಕ್ಕೆ ಬಂದ ಒಡಿಶಾ ಹುಡುಗನಿಗೆ ಕನ್ನಡದ ಕಾಗದ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಕೊಟ್ಟ ಹಾಗಲ್ಲ. ಸೈಟಿನ ಮೇಸ್ತ್ರಿಯನ್ನೋ ಗೊತ್ತಿದ್ದ ಇನ್ನೊಬ್ಬರನ್ನೋ ಕರೆಸಿ, ಓದಿ ಹೇಳಿಸಿ, ಓದಿದವರ ಸಹಿಯನ್ನೂ ಹಾಕಿಸಿ.

ಮೆಡಿಕಲ್: ಡಾಕ್ಟರಿಗೆ ಹೇಳಬೇಕಾದ್ದು

53ನೇ ಸೆಕ್ಷನ್ ಪ್ರಕಾರ ಬಂಧಿಸಿದ ಕೂಡಲೇ ವೈದ್ಯಕೀಯ ತಪಾಸಣೆ. ಇದನ್ನು ಬಹಳ ಮಂದಿ ಸೀಲು ಹಾಕಿಸುವ ಕೆಲಸ ಅಂದುಕೊಂಡಿದ್ದಾರೆ. ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲಿಟಿಯಲ್ಲಿ ಡಾಕ್ಟರು ಮೂವತ್ತು ಜನರ ನಡುವೆ ಇರುತ್ತಾರೆ. ನೀವು ಬಾಯಿ ಬಿಡದಿದ್ದರೆ ಬಿಪಿ ನೋಡಿ ಸಹಿ ಹಾಕಿ ಕಳಿಸುತ್ತಾರೆ. ಆದ್ದರಿಂದ ನೀವೇ ಹೇಳಿ: ಜಗಳದಲ್ಲಿ ತಲೆಗೆ ಪೆಟ್ಟು ಬಿದ್ದಿರಬಹುದು, ಜನ ಹಿಡಿದು ಹೊಡೆದಿದ್ದಾರೆ, ಬೆಳಿಗ್ಗೆಯಿಂದ ಎರಡು ಸಲ ವಾಂತಿ ಮಾಡಿದ್ದಾನೆ, ದಿನಾ ಕುಡಿಯುವವನು, ಸಕ್ಕರೆ ಕಾಯಿಲೆ ಮಾತ್ರೆ ತಗೊಳ್ಳುತ್ತಾನಂತೆ. ಫಿಟ್ಸ್, ಆಸ್ತಮಾ, ಎದೆನೋವು, ಟಿಬಿ ಮಾತ್ರೆ ಇದೆಯಾ ಅಂತ ಆರೋಪಿಯನ್ನೇ ಕೇಳಿ, ಅವನ ಹೆಂಡತಿಯನ್ನೂ ಕೇಳಿ. ಗಂಡಸರು ಈ ವಿಷಯದಲ್ಲಿ ಸುಳ್ಳು ಹೇಳುತ್ತಾರೆ, ಹೆಂಡತಿಯರು ಹೇಳುವುದಿಲ್ಲ.

ನಮ್ಮ ಕಡೆ ಇನ್ನೊಂದು ಅಪಾಯ ಇದೆ, ಪಟ್ಟಣದವರಿಗೆ ಹೊಳೆಯುವುದಿಲ್ಲ. ಪೊಲೀಸರು ಹುಡುಕುತ್ತಿದ್ದಾರೆ ಅಂತ ಗೊತ್ತಾದಾಗ ತೋಟದ ಮನೆಯಲ್ಲಿ ಹೊಲಕ್ಕೆ ಹೊಡೆಯುವ ಔಷಧಿ ಕುಡಿದು, ಆಮೇಲೆ ಸಿಕ್ಕಿಬೀಳುವವರಿದ್ದಾರೆ. ಬಾಯಲ್ಲಿ ಜೊಲ್ಲು, ವಿಪರೀತ ಬೆವರು, ಕಣ್ಣು ಪಾಪೆ ಚಿಕ್ಕದಾಗಿರುವುದು, ಔಷಧಿಯ ಗಬ್ಬು ವಾಸನೆ ಇದರಲ್ಲಿ ಯಾವುದು ಕಂಡರೂ ಠಾಣೆಗೆ ತರಬೇಡಿ, ಜೀಪನ್ನು ಆಸ್ಪತ್ರೆಗೆ ತಿರುಗಿಸಿ.

ಮೈಮೇಲಿನ ಗಾಯ ಎಲ್ಲವೂ ಬರೆಯಿರಿ, ಹಳೇದು ಹೊಸದು ಎರಡೂ. 1996ರ ಡಿ.ಕೆ. ಬಸು ತೀರ್ಪಿನಲ್ಲಿ, ಆರೋಪಿ ಕೇಳಿದರೆ ಗಾಯಗಳನ್ನು ಬರೆದು ಇಬ್ಬರೂ ಸಹಿ ಮಾಡಿ ಪ್ರತಿ ಕೊಡಬೇಕು ಅಂತ ಇದೆ. ಕೇಳದಿದ್ದರೂ ಮಾಡಿ ಅನ್ನುತ್ತೇನೆ ನಾನು. ಬಲ ಮೊಣಕೈ ಕೆಳಗೆ ಎರಡು ಇಂಚು ತರಚು ಗಾಯ, ಹೆಪ್ಪುಗಟ್ಟಿದೆ, ಎರಡು ದಿನದ ಹಿಂದೆ ಬೈಕಿನಿಂದ ಬಿದ್ದೆ ಅನ್ನುತ್ತಾನೆ. ಇಷ್ಟು ಬರೆದಿದ್ದರೆ ಅದು ಅವನಿಗೂ ರಕ್ಷಣೆ, ನಿಮಗೂ ರಕ್ಷಣೆ.

ಅಂಗಶೋಧನೆ

ಇಬ್ಬರು ಸಿಬ್ಬಂದಿ, ಕ್ಯಾಮೆರಾ ಇರುವ ಕಡೆ. ಹೆಂಗಸಾದರೆ ಮಹಿಳಾ ಸಿಬ್ಬಂದಿಯೇ, ಮರೆಯಲ್ಲಿ, ಮಾನ ಕಾಯ್ದು. ಬೆಲ್ಟು, ಶೂ ಲೇಸು, ಪಂಚೆ, ಟವೆಲ್, ಬರ್ಮುಡಾದ ಲಾಡಿ, ಉಡಿದಾರ, ತಾಯಿತದ ದಾರ, ಕಿಸೆಯಲ್ಲಿನ ಬ್ಲೇಡು, ಬೀಡಿ ಕಟ್ಟು, ಬೆಂಕಿಪೊಟ್ಟಣ ಎಲ್ಲವೂ ಹೊರಗೆ. ಉಡಿದಾರ ಬಿಚ್ಚು ಅಂದರೆ ಕೆಲವರು ಅಳುತ್ತಾರೆ. ಗಂಡಸು ಸತ್ತಾಗಲೇ ಅದನ್ನು ತೆಗೆಯುವುದು ಅಂತ ನಂಬಿಕೆ. ಬೈಯಬೇಡಿ. ಇದು ನಿನ್ನ ವಸ್ತು, ಪೊಟ್ಟಣ ಕಟ್ಟಿ ನಿನ್ನ ಮುಂದೆಯೇ ಬರೆಯುತ್ತೇನೆ, ಹೋಗುವಾಗ ಕೈಗೆ ಕೊಡುತ್ತೇನೆ ಅಂತ ಹೇಳಿದರೆ ಬಿಚ್ಚುತ್ತಾರೆ. ಜನಿವಾರಕ್ಕೂ ಶಿವದಾರಕ್ಕೂ ತಾಯಿತಕ್ಕೂ ಒಂದೇ ನಿಯಮ, ಒಂದೇ ಮರ್ಯಾದೆ.

ಆದರೆ ಬಟ್ಟೆ ಬಿಚ್ಚಿಸಿ ಚಡ್ಡಿಯಲ್ಲಿ ಕೂರಿಸುವ ಪದ್ಧತಿ ಇದೆಯಲ್ಲ, ಅದನ್ನು ಬಿಡಿ. ಓಡಿಹೋಗದಂತೆ, ನೇಣು ಹಾಕಿಕೊಳ್ಳದಂತೆ ಅಂತ ಸಮರ್ಥನೆ ಕೊಡುತ್ತಾರೆ. ನಿಜ ಏನೆಂದರೆ ಅದು ಸೋಮಾರಿತನ. ಲಾಡಿ ಇಲ್ಲದ ಎಲಾಸ್ಟಿಕ್ ಪ್ಯಾಂಟು, ಅಂಗಿ ಮನೆಯಿಂದ ತರಿಸಲು ಒಂದು ಫೋನು ಸಾಕು. ಅವಮಾನದಿಂದ ಕುಗ್ಗಿದವನೇ ತನಗೆ ತಾನು ಹಾನಿ ಮಾಡಿಕೊಳ್ಳುವುದು ಹೆಚ್ಚು.

ವಸ್ತುಗಳ ಪಟ್ಟಿಗೆ 49ನೇ ಸೆಕ್ಷನ್ ಪ್ರಕಾರ ರಸೀದಿ ಕೊಡಲೇಬೇಕು. ನೋಟುಗಳನ್ನು ಅವನ ಕೈಯಲ್ಲೇ ಎಣಿಸಿ. ಉಂಗುರವನ್ನು 'ಚಿನ್ನದ ಉಂಗುರ' ಅಂತ ಬರೆಯಬೇಡಿ, 'ಚಿನ್ನದಂತೆ ಕಾಣುವ ಹಳದಿ ಲೋಹದ ಉಂಗುರ' ಅಂತ ಬರೆಯಿರಿ. ರೋಲ್ಡ್‌ಗೋಲ್ಡ್ ತಗೊಂಡು ಚಿನ್ನ ವಾಪಸ್ ಕೊಟ್ಟವರನ್ನು ನಾನು ಕಂಡಿದ್ದೇನೆ, ಸಂಬಳದಿಂದ. ಮೊಬೈಲ್ ಆಫ್ ಮಾಡಿ, ಐಎಂಇಐ ಬರೆದು, ಲಕೋಟೆಗೆ ಹಾಕಿ. ಅವನ ಗ್ಯಾಲರಿ ತೆರೆದು ನೋಡುತ್ತಾ ಕೂರುವುದು ನಿಮ್ಮ ಕೆಲಸವಲ್ಲ.

ಕೊಠಡಿ

ಆರೋಪಿ ಬರುವ ಮುಂಚೆ ಒಳಗೆ ಹೋಗಿ ನೀವೇ ಸುತ್ತ ನೋಡಿ. ಹಳೇ ಠಾಣೆಗಳಲ್ಲಿ ಲಾಕಪ್ ಅಂದರೆ ಕಡಪ ಕಲ್ಲಿನ ನೆಲ, ಮೂಲೆಯಲ್ಲಿ ಅರ್ಧ ಗೋಡೆಯ ಕಕ್ಕಸು, ಮೇಲೊಂದು ಗವಾಕ್ಷಿ. ಟ್ಯೂಬ್‌ಲೈಟ್ ವೈರು ನೇತಾಡುತ್ತಿದೆಯಾ, ಕಕ್ಕಸಿನ ಬಕೆಟ್ಟಿನ ಹಿಡಿ ಸಡಿಲವಾಗಿದೆಯಾ, ಹಿಂದಿನವನು ಬಿಟ್ಟುಹೋದ ಬಟ್ಟೆ ಚೂರು ಇದೆಯಾ, ಒಡೆದ ಟೈಲ್ಸ್ ಇದೆಯಾ. ಜಫ್ತಿ ಮಾಡಿದ ಬೈಕಿನ ಸಾಮಾನು, ಚುನಾವಣೆ ಬ್ಯಾನರು, ಗಣೇಶನ ಹಬ್ಬದ ಮೈಕ್ ಸೆಟ್ಟು ಇವನ್ನೆಲ್ಲ ತುಂಬಲು ಲಾಕಪ್ಪೇ ಸಿಗುವುದು ನಮ್ಮಲ್ಲಿ. ಆರೋಪಿ ಬಂದಾಗ ಅವಸರದಲ್ಲಿ ಹೊರಗೆ ಎಳೆದು ಹಾಕುತ್ತಾರೆ, ಒಂದು ತುಂಡು ಹಗ್ಗ ಒಳಗೇ ಉಳಿಯುತ್ತದೆ.

ಕ್ಯಾಮೆರಾ ವಿಷಯ. 2020ರ ಡಿಸೆಂಬರ್‌ನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು: ಪ್ರವೇಶದ್ವಾರ, ವರಾಂಡ, ಲಾಕಪ್ ಯಾವುದೂ ಬಿಡದ ಹಾಗೆ ಕ್ಯಾಮೆರಾ, ಧ್ವನಿಯೂ ದಾಖಲಾಗಬೇಕು, ರಾತ್ರಿಯೂ ಕಾಣಬೇಕು, ಹದಿನೆಂಟು ತಿಂಗಳು ಉಳಿಯಬೇಕು. ಕೆಟ್ಟರೆ ಹೊಣೆ ಎಸ್‌ಎಚ್‌ಓದು, ಅಂದರೆ ಠಾಣಾಧಿಕಾರಿಯದು. ಪ್ರತಿ ಪಾಳಿ ಬದಲಾಗುವಾಗ ಪರದೆ ಮೇಲೆ ಲಾಕಪ್ ಕಾಣುತ್ತಿದೆಯಾ, ಗಡಿಯಾರ ಸರಿ ತೋರಿಸುತ್ತಿದೆಯಾ ನೋಡಿ ಡೈರಿಯಲ್ಲಿ ಒಂದು ಸಾಲು ಬರೆಯಿರಿ. ಕೆಟ್ಟಿದ್ದರೆ ಆ ಕ್ಷಣವೇ ಲಿಖಿತ ವರದಿ. 'ಮಂಗ ವೈರು ಕಿತ್ತಿತು' ಅನ್ನುವ ವಿವರಣೆಯನ್ನು ಯಾವ ನ್ಯಾಯಾಧೀಶರೂ ಎರಡನೇ ಸಲ ನಂಬುವುದಿಲ್ಲ.

ಗಂಡಸರು ಹೆಂಗಸರು ಒಂದೇ ಕಡೆ ಬೇಡ ಅನ್ನುವುದು ಹೇಳಬೇಕಾದ ಮಾತೇ ಅಲ್ಲ. ಹೆಂಗಸರನ್ನು ಇಡುವುದಾದರೆ ಪಹರೆಗೆ ಮಹಿಳಾ ಸಿಬ್ಬಂದಿ ಇರಲೇಬೇಕು. 1983ರಲ್ಲೇ ಶೀಲಾ ಬರ್ಸೆ ಕೇಸಿನಲ್ಲಿ ಇದು ತೀರ್ಮಾನವಾಗಿದೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಹೆಂಗಸರನ್ನು ಬಂಧಿಸಬೇಕಾದರೆ ಅಸಾಧಾರಣ ಕಾರಣ ಬೇಕು, ಮ್ಯಾಜಿಸ್ಟ್ರೇಟರ ಮುಂಚಿತ ಅನುಮತಿ ಬೇಕು. ಹದಿನೆಂಟರ ಒಳಗಿನ ಮಗುವಂತೂ ಲಾಕಪ್ ಹೊಸಿಲು ದಾಟುವಂತಿಲ್ಲ, ಬಾಲನ್ಯಾಯ ಕಾಯ್ದೆಯ 10ನೇ ಸೆಕ್ಷನ್. ವಯಸ್ಸಿನ ಬಗ್ಗೆ ಅನುಮಾನ ಬಂದರೆ ಶಾಲೆಯ ದಾಖಲೆ ತರಿಸುವ ತನಕ ಮಗು ಅಂತಲೇ ನಡೆಸಿಕೊಳ್ಳಿ. ಒಂದೇ ಕೇಸಿನ ಇಬ್ಬರನ್ನು, ಅಥವಾ ಎದುರು ಬದುರು ಪಾರ್ಟಿಯವರನ್ನು ಒಂದೇ ಕೊಠಡಿಗೆ ಹಾಕಬೇಡಿ.

ರಾತ್ರಿ ಪಹರೆ

ಚಾರ್ಜು ತಗೊಳ್ಳುವಾಗ 'ಒಳಗೆ ಇಬ್ಬರು' ಅಂತ ಹೇಳಿದ್ದನ್ನು ಕೇಳಿ ಸಹಿ ಹಾಕಬೇಡಿ. ಹೋಗಿ ನೋಡಿ, ಹೆಸರು ಹಿಡಿದು ಕರೆದು ಮಾತಾಡಿಸಿ, ಮೈ ಹೇಗಿದೆ ಕೇಳಿ, ಆಮೇಲೆ ಬರೆಯಿರಿ. ಬೀಗದ ಕೈ ಸೆಂಟ್ರಿಯ ಹತ್ತಿರವೇ ಇರಲಿ. ಎಲ್ಲಿದೆ ಅಂತ ಹುಡುಕುವ ಎರಡು ನಿಮಿಷದಲ್ಲಿ ಒಂದು ಜೀವ ಹೋಗುತ್ತದೆ. ಹಾಗಂತ ಒಬ್ಬರೇ ಬಾಗಿಲು ತೆಗೆಯಬೇಡಿ. ಹೊಟ್ಟೆನೋವು ಅಂತ ಹೊರಳಾಡುವವನು ನಿಜಕ್ಕೂ ಹೊರಳಾಡುತ್ತಿರಬಹುದು, ಬಾಗಿಲ ಹಿಂದೆ ಕಾಯುತ್ತಲೂ ಇರಬಹುದು. ಇನ್ನೊಬ್ಬರನ್ನು ಕೂಗಿ, ಆಮೇಲೆ ತೆಗೆಯಿರಿ.

ಕುಡಿದು ಬಂದವನ ವಿಷಯ ಬೇರೆಯೇ. ಅವನನ್ನು ಅಂಗಾತ ಮಲಗಿಸಬೇಡಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ. ವಾಂತಿ ಬಂದರೆ ಉಸಿರುನಾಳಕ್ಕೆ ಹೋಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಎಬ್ಬಿಸಿ. ಎಬ್ಬಿಸುವುದು ಅಂದರೆ ಕಂಬಿಗೆ ಲಾಠಿ ಬಡಿದು ಅವನು 'ಹೂಂ' ಅಂದರೆ ಸಾಕು ಅಂತಲ್ಲ. ನಿನ್ನ ಹೆಸರೇನಪ್ಪಾ, ಯಾವೂರು, ಈಗ ಎಲ್ಲಿದ್ದೀಯ, ಕೈ ಎತ್ತು. ಉತ್ತರ ಸರಿ ಬರಬೇಕು. ಹೊತ್ತು ಕಳೆದಂತೆ ಕುಡಿದವನ ಅಮಲು ಇಳಿಯುತ್ತಾ ಹೋಗಬೇಕು. ಇಳಿಯುವ ಬದಲು ಮಂಪರು ಏರುತ್ತಿದ್ದರೆ, ಗೊರಕೆ ಹಿಂದೆಂದಿಗಿಂತ ದಪ್ಪವಾದರೆ, ಒಂದು ಕಣ್ಣು ಪಾಪೆ ದೊಡ್ಡದಾಗಿ ಕಂಡರೆ ಅದು ಕುಡಿತವಲ್ಲ, ತಲೆಯೊಳಗೆ ರಕ್ತ. ಹೆಂಡದ ವಾಸನೆ ಇದೆ ಅಂತ ಮಾತ್ರಕ್ಕೆ ತಲೆಗೆ ಪೆಟ್ಟಾಗಿಲ್ಲ ಅಂತ ಅರ್ಥವಲ್ಲ. ಇಂಥವರನ್ನು 'ಮಲಗಿದ್ದಾನೆ ಬಿಡಿ' ಅಂತ ಬಿಟ್ಟರೆ ಬೆಳಿಗ್ಗೆ ಏಳುವುದಿಲ್ಲ.

ಇದಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವುದು ಕುಡಿತ ನಿಂತಾಗ ಬರುವ ಕಾಯಿಲೆ. ಪೊಲೀಸ್ ಕಸ್ಟಡಿಗೆ ಬಂದ ಗಾರೆ ಕೆಲಸದವನೊಬ್ಬ ನೆನಪಿದ್ದಾನೆ. ಮೊದಲ ದಿನ ಚೆನ್ನಾಗಿದ್ದ, ಮುದ್ದೆ ಉಂಡ, ಐಓ ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಟ್ಟ. ಎರಡನೇ ದಿನ ಟೀ ಲೋಟ ಹಿಡಿದರೆ ಕೈ ನಡುಗಿ ಅರ್ಧ ಚೆಲ್ಲಿತು. ಹೆದರಿಕೆ ಅಂತ ನಕ್ಕರು. ಆ ರಾತ್ರಿ ಕಂಬಳಿ ಮೇಲಿನಿಂದ ಏನನ್ನೋ ಒಂದೊಂದಾಗಿ ಹೆಕ್ಕಿ ಗೋಡೆಯ ಕಡೆ ಎಸೆಯುತ್ತಾ ಕೂತಿದ್ದ. ಏನೋ ಅದು ಅಂದೆ. 'ಇರುವೆ ಸಾ, ಕೆಂಪಿರುವೆ, ನಿಮ್ಮ ಕಾಲ ಮೇಲೂ ಹತ್ತತಾವೆ' ಅಂದ. ಒಂದು ಇರುವೆಯೂ ಇರಲಿಲ್ಲ. ಅಂಗಿ ಹಿಂಡಿದರೆ ನೀರು ಬರುವಷ್ಟು ಬೆವರಿದ್ದ. ನಾಟಕ ಆಡ್ತಾನೆ ಬಿಡಿ ಅಂದರು ಪಕ್ಕದವರು. ರಾತ್ರಿಯೇ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲಾಸ್ಪತ್ರೆಗೆ ಕಳಿಸಿದ್ದಾಯಿತು, ಬದುಕಿದ. ದಿನಾ ಕುಡಿಯುವವನಿಗೆ ಕುಡಿತ ತಪ್ಪಿದ ಆರೆಂಟು ಗಂಟೆಗೆ ನಡುಕ ಶುರುವಾಗುತ್ತದೆ, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣತೊಡಗುತ್ತದೆ. ಆ ಹಂತ ಮುಟ್ಟಿದರೆ ಚಿಕಿತ್ಸೆ ಇಲ್ಲದೆ ಸಾಯಲೂಬಹುದು. ಅಬಕಾರಿ ಕೇಸಿನಿಂದ ಹಿಡಿದು ಕೊಲೆ ಕೇಸಿನವರೆಗೆ ನಮ್ಮ ಲಾಕಪ್‌ಗೆ ಬರುವವರಲ್ಲಿ ದಿನಾ ಕುಡಿಯುವವರು ಕಡಿಮೆಯೇನಲ್ಲ. ಪಿಸಿ (ಪೊಲೀಸ್ ಕಸ್ಟಡಿ) ಅವಧಿ ಮೂರು ದಿನ ಅಂದರೆ ಸರಿಯಾಗಿ ಈ ಅಪಾಯದ ಮೂರು ದಿನವೇ ನಿಮ್ಮ ಕೈಯಲ್ಲಿರುತ್ತಾನೆ. 'ಕೊನೇ ಸಲ ಯಾವಾಗ ಕುಡಿದೆ' ಅಂತ ಮೊದಲ ಗಂಟೆಯಲ್ಲೇ ಕೇಳಿ ಬರೆದಿಡಿ.

ತನಗೆ ತಾನು ಹಾನಿ ಮಾಡಿಕೊಳ್ಳುವವರ ವಿಷಯದಲ್ಲಿ ಹೊಸಬರು ರೌಡಿಗಳ ಮೇಲೆ ಕಣ್ಣಿಡುತ್ತಾರೆ. ರೌಡಿ ನಿದ್ದೆ ಮಾಡುತ್ತಾನೆ, ಅವನಿಗೆ ಇದು ಮಾಮೂಲು. ನೀವು ನೋಡಬೇಕಾದ್ದು ಮೊದಲ ಸಲ ಠಾಣೆ ಮೆಟ್ಟಿಲು ಹತ್ತಿದವನನ್ನು: ಸೊಸೈಟಿ ಹಣ ದುರುಪಯೋಗದ ಸೆಕ್ರೆಟರಿ, ಪೋಕ್ಸೊ ಕೇಸಿನ ಮಧ್ಯವಯಸ್ಕ, ಹೆಂಡತಿ ಸತ್ತ ಕೇಸಿನಲ್ಲಿ ತಂದ ಗಂಡ. ಊರಿನಲ್ಲಿ ಮುಖ ತೋರಿಸುವುದು ಹೇಗೆ ಅಂತ ಕೊರಗುವವನು. ಮನೆಯವರು ಬಂದು ಬೈದು ಹೋದ ಮೇಲೆ, ಸ್ಥಳ ಮಹಜರಿಗೆ ಸ್ವಂತ ಊರಿನಲ್ಲಿ ನಡೆಸಿಕೊಂಡು ಹೋಗಿ ಬಂದ ಮೇಲೆ, ನಸುಕಿನ ಹೊತ್ತಿನಲ್ಲಿ ಹೆಚ್ಚು ಎಚ್ಚರ. ಅಳುತ್ತಿದ್ದವನು ದಿಢೀರ್ ಶಾಂತನಾದರೆ ಸಮಾಧಾನ ಪಡಬೇಡಿ, ಕುರ್ಚಿ ಹತ್ತಿರ ಹಾಕಿಕೊಳ್ಳಿ, ಮಾತಾಡಿಸಿ. ಮಕ್ಕಳೆಷ್ಟು, ಏನು ಬೆಳೆ ಹಾಕಿದ್ದೆ, ಈ ಸಲ ಕೊಬ್ಬರಿ ರೇಟೆಷ್ಟು. ಸಾಯಬೇಕು ಅನ್ನಿಸುತ್ತಿದೆಯಾ ಅಂತ ನೇರವಾಗಿ ಕೇಳಿದರೂ ತಪ್ಪಿಲ್ಲ, ಕೇಳಿದ್ದರಿಂದ ಯಾರೂ ಸಾಯುವುದಿಲ್ಲ. ಹೌದು ಅಂದರೆ ಕಣ್ಣು ತಪ್ಪಿಸದ ಪಹರೆ ಹಾಕಿ, ಎಸ್‌ಎಚ್‌ಓಗೆ ಹೇಳಿ, ಡಾಕ್ಟರಿಗೆ ತೋರಿಸಿ.

ಪಿಸಿ ದಿನಗಳ ಲೆಕ್ಕ

ಮ್ಯಾಜಿಸ್ಟ್ರೇಟರು ಪೊಲೀಸ್ ಕಸ್ಟಡಿಗೆ ಕೊಟ್ಟ ಮೇಲೆ 187ನೇ ಸೆಕ್ಷನ್. ಒಟ್ಟು ಹದಿನೈದು ದಿನ ಅನ್ನುವುದು ಹಳೇದೇ. ಮೊದಲು ಅದು ಮೊದಲ ಹದಿನೈದು ದಿನದೊಳಗೇ ಮುಗಿಯಬೇಕಿತ್ತು. ಈಗ ಚಾರ್ಜ್‌ಶೀಟಿಗೆ ಅರವತ್ತು ದಿನದ ಕೇಸಾದರೆ ಮೊದಲ ನಲವತ್ತು ದಿನದಲ್ಲಿ, ತೊಂಬತ್ತು ದಿನದ ಕೇಸಾದರೆ ಮೊದಲ ಅರವತ್ತು ದಿನದಲ್ಲಿ, ಬಿಡಿಬಿಡಿಯಾಗಿ ಕೇಳಬಹುದು. ಅಂದರೆ ಮೂರು ದಿನ ಪಿಸಿಯಲ್ಲಿದ್ದು ಜೈಲಿಗೆ ಹೋದವನು ತಿಂಗಳಾದ ಮೇಲೆ ಮತ್ತೆ ನಿಮ್ಮ ಲಾಕಪ್‌ಗೆ ಬರಬಹುದು, ಅಷ್ಟರಲ್ಲಿ ಐಓ ಬದಲಾಗಿರುತ್ತಾರೆ, ರೈಟರ್ ಬದಲಾಗಿರುತ್ತಾರೆ. ಕಡತದ ಮೊದಲ ಪುಟದಲ್ಲೇ ಯಾವ ತಾರೀಖಿನಿಂದ ಯಾವ ತಾರೀಖಿಗೆ, ಒಟ್ಟು ಎಷ್ಟಾಯಿತು ಅಂತ ಬರೆದು ಅಂಟಿಸಿ. ಅರವತ್ತು ತೊಂಬತ್ತರ ಲೆಕ್ಕಕ್ಕೆ ರಿಮ್ಯಾಂಡ್ ಆದ ದಿನವೂ ಸೇರುತ್ತದೆ ಅಂತ 2023ರಲ್ಲಿ ಸುಪ್ರೀಂ ಕೋರ್ಟು ಖಚಿತ ಮಾಡಿದೆ. ಚಾರ್ಜ್‌ಶೀಟು ಒಂದು ದಿನ ತಡವಾದರೂ ಆರೋಪಿ ಜಾಮೀನು ತಗೊಂಡು ಹೋಗುತ್ತಾನೆ.

ಪಿಸಿಯಲ್ಲಿದ್ದಷ್ಟು ದಿನ ಪ್ರತಿ ಸಲವೂ ಖುದ್ದು ಹಾಜರುಪಡಿಸಬೇಕು. ವಿಡಿಯೊ ಕಾನ್ಫರೆನ್ಸ್ ನ್ಯಾಯಾಂಗ ಬಂಧನ ಮುಂದುವರಿಸಲು ಮಾತ್ರ. ಪಿಸಿ ಅಂದರೆ ಠಾಣೆ. ಲಾಡ್ಜು, ತೋಟದ ಮನೆ, ಸಮುದಾಯ ಭವನ ಅಲ್ಲ. ಸೆಕ್ಷನ್‌ನಲ್ಲೇ ಈಗ ಸ್ಪಷ್ಟವಾಗಿ ಬರೆದಿದೆ, ಪೊಲೀಸ್ ಕಸ್ಟಡಿಯಾದರೆ ಠಾಣೆಯಲ್ಲೇ ಅಂತ. ನಲವತ್ತೆಂಟು ಗಂಟೆಗೊಮ್ಮೆ ಮೆಡಿಕಲ್. ತನಿಖೆಗೆ ಹೊರಗೆ ಕರೆದೊಯ್ದಾಗ ಹೋದ ಸಮಯ, ಯಾರ ಜೊತೆ, ಬಂದ ಸಮಯ, ಬಂದಾಗ ಮೈ ಹೇಗಿತ್ತು ಇಷ್ಟೂ ಡೈರಿಗೆ. ಐಓ ಕರೆದುಕೊಂಡು ಹೋಗಿ ವಾಪಸ್ ತಂದಾಗ ಕುಂಟುತ್ತಾ ಬಂದರೆ ನೀವು ಸುಮ್ಮನೆ ಬಾಗಿಲು ಹಾಕಬೇಡಿ. ಹೋಗುವಾಗ ನಡೆದುಕೊಂಡು ಹೋಗಿದ್ದ, ಬರುವಾಗ ಎಡಗಾಲು ಊರುತ್ತಿಲ್ಲ ಅಂತ ಬರೆದು ಎಸ್‌ಎಚ್‌ಓ ಮುಂದಿಡಿ. ಇದಕ್ಕೆ ಎದೆ ಬೇಕು, ನನಗೆ ಗೊತ್ತು. ಮುನಿಸು ಕಟ್ಟಿಕೊಳ್ಳುತ್ತೀರಿ, ಟ್ರಾನ್ಸ್‌ಫರ್ ಕೂಡ ಆಗಬಹುದು. ಆದರೆ ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ, ತಪ್ಪೊಪ್ಪಿಸಲು ಹೊಡೆಯುವುದು ಭಾರತೀಯ ನ್ಯಾಯ ಸಂಹಿತೆಯ 120ನೇ ಸೆಕ್ಷನ್ ಪ್ರಕಾರ ಅಪರಾಧ. ಯಾರದೋ ರಿಕವರಿಗೆ (ಕದ್ದ ಮಾಲು ವಸೂಲಿಗೆ) ನಿಮ್ಮ ಪಿಂಚಣಿ ಅಡ ಇಡಬೇಡಿ.

ಬೇಡಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾಗರಿಕ ಸುರಕ್ಷಾ ಸಂಹಿತೆಯ 43(3)ರಲ್ಲಿ ಪಟ್ಟಿ ಇದೆ: ಪದೇ ಪದೇ ಅಪರಾಧ ಮಾಡುವವನು, ತಪ್ಪಿಸಿಕೊಂಡು ಹೋಗಿದ್ದವನು, ಕೊಲೆ, ಅತ್ಯಾಚಾರ, ಭಯೋತ್ಪಾದನೆ, ಮಾದಕವಸ್ತು ಮುಂತಾದ ಗಂಭೀರ ಕೇಸಿನವನು. ಹಾಕಬಹುದು ಅಂತ ಇದೆ, ಹಾಕಲೇಬೇಕು ಅಂತ ಇಲ್ಲ. ಹಾಕಿದರೆ ಯಾಕೆ ಅಂತ ಬರೆಯಿರಿ. ಲಾಕಪ್ ಒಳಗೆ ಕಂಬಿಗೆ ಕಟ್ಟಿಹಾಕುವುದಕ್ಕೆ ಅದು ಪರವಾನಗಿ ಅಲ್ಲ.

ವಕೀಲರು, ಮನೆಯವರು, ಊಟ

ವಿಚಾರಣೆ ನಡೆಯುವಾಗ ವಕೀಲರನ್ನು ಕಾಣುವ ಹಕ್ಕು ಆರೋಪಿಗೆ ಇದೆ, ಪೂರ್ತಿ ಹೊತ್ತು ಕೂರಿಸಿಕೊಳ್ಳುವುದಿಲ್ಲ ಅಷ್ಟೇ. ವಕೀಲರನ್ನು ಹೊರಗೆ ಬೆಂಚಿನ ಮೇಲೆ ಮೂರು ಗಂಟೆ ಕೂರಿಸುವುದು ದೊಡ್ಡಸ್ತಿಕೆಯಲ್ಲ. ಬಡವನಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ತಿಳಿಸಿ, 15100ಕ್ಕೆ ಕರೆ ಮಾಡಿದರೂ ಆಗುತ್ತದೆ. ಮನೆಯವರ ಜೊತೆ ಮಾತು ನಯವಾಗಿರಲಿ. 'ಅಮ್ಮಾ, ನಿಮ್ಮ ಮಗ ಒಳಗಿದ್ದಾನೆ, ಊಟ ಮಾಡಿದ್ದಾನೆ, ನಾಳೆ ಹನ್ನೊಂದಕ್ಕೆ ಕೋರ್ಟಿಗೆ ಬನ್ನಿ.' ಇಷ್ಟು ಹೇಳಿದರೆ ಠಾಣೆ ಮುಂದೆ ಜನ ಸೇರುವುದಿಲ್ಲ. ಬಂಧಿತರ ಹೆಸರು, ಕೇಸು ಬರೆಯುವ ಬೋರ್ಡನ್ನು ಖಾಲಿ ಇಡಬೇಡಿ. ಈಗ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬರಿಗೆ ಅದು ಹೊಣೆ.

ಹೊತ್ತು ಹೊತ್ತಿಗೆ ಊಟ ಹೋಟೆಲಿನಿಂದ ತರಿಸಿ, ಬಿಲ್ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯವನಿಗೆ ಇನ್ಸುಲಿನ್ ಕೊಟ್ಟು ಊಟ ತಡ ಮಾಡಿದರೆ ಮೂರ್ಛೆ ಹೋಗುತ್ತಾನೆ. ಸ್ಟೀಲ್ ತಟ್ಟೆ ಬೇಡ, ಅಡಿಕೆ ಹಾಳೆ ತಟ್ಟೆ ಸಾಕು. ಊಟ ಮಾಡಲಿಲ್ಲ ಅಂದರೆ ಅದನ್ನೂ ಬರೆಯಿರಿ.

ಏನಾದರೂ ಆಗಿಬಿಟ್ಟರೆ

ಉಸಿರು ನಿಂತಂತೆ ಕಂಡರೆ ಫೋಟೊ, ಮಹಜರು, ಮೇಲಧಿಕಾರಿಗೆ ಫೋನು ಎಲ್ಲ ಆಮೇಲೆ. ಕುತ್ತಿಗೆಗೆ ಏನಾದರೂ ಸುತ್ತಿದ್ದರೆ ಸಡಿಲಿಸಿ, ಎದೆ ಒತ್ತಿ, 108 ಕಾಯುತ್ತಾ ಕೂರದೆ ಜೀಪಿನಲ್ಲೇ ಹೊರಡಿ. ಸತ್ತುಹೋದರೆ ಕೊಠಡಿಯ ಯಾವುದನ್ನೂ ಮುಟ್ಟಬೇಡಿ, ಡೈರಿಯ ಹಾಳೆ ತಿದ್ದಬೇಡಿ. ನ್ಯಾಯಾಂಗ ಮ್ಯಾಜಿಸ್ಟ್ರೇಟರ ವಿಚಾರಣೆ ಆಗುತ್ತದೆ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ 24 ಗಂಟೆಯೊಳಗೆ ವರದಿ ಹೋಗಬೇಕು. ತಿದ್ದಿದ ಒಂದು ಅಂಕಿ, ನಿಜವಾಗಿ ಮಾಡಿದ ಹತ್ತು ಸುತ್ತಿನ ಪಹರೆಯನ್ನೂ ಸುಳ್ಳು ಮಾಡುತ್ತದೆ. ಅರ್ಧ ಗಂಟೆಗೊಂದು ಸಾಲನ್ನು ಬೆಳಿಗ್ಗೆ ಒಂದೇ ಪೆನ್ನಿನಲ್ಲಿ ಒಂದೇ ಉಸಿರಿಗೆ ಬರೆದದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ, ನಾನೇ ಎಷ್ಟೋ ಸಲ ಹಿಡಿದಿದ್ದೇನೆ.

ಒಪ್ಪಿಸುವುದು

ಪಿಸಿ ಮುಗಿದ ದಿನ ಕೋರ್ಟಿಗೆ ಹೋಗುವ ಮುಂಚೆ ಮತ್ತೊಮ್ಮೆ ಮೆಡಿಕಲ್ ಮಾಡಿಸಿ. ಪೊಲೀಸರು ತೊಂದರೆ ಕೊಟ್ಟರಾ ಅಂತ ಮ್ಯಾಜಿಸ್ಟ್ರೇಟರು ಕೇಳುವಾಗ ಆರೋಪಿಯ ಪಕ್ಕ ಅಂಟಿಕೊಂಡು ನಿಲ್ಲಬೇಡಿ, ಹಿಂದೆ ಸರಿಯಿರಿ. ಜೈಲಿನ ಗೇಟಿನಲ್ಲಿ ವಾರಂಟಿನ ಜೊತೆ ಮೆಡಿಕಲ್ ಕಾಗದ, ಮಾತ್ರೆ ಚೀಟಿ ಕೊಟ್ಟು, ಇವನಿಗೆ ಫಿಟ್ಸ್ ಇದೆ, ಇವನ ಮೇಲೆ ರಾತ್ರಿ ಕಣ್ಣಿರಲಿ ಅಂತ ಬಾಯಲ್ಲೂ ಹೇಳಿ. ಒಪ್ಪಿಸಿಕೊಂಡದ್ದಕ್ಕೆ ಸಹಿ ಪಡೆದು ಬನ್ನಿ, ಬೋರ್ಡಿನಿಂದ ಹೆಸರು ಒರೆಸಿ.

ಪೊಟ್ಟಣದಲ್ಲಿದ್ದ ವಸ್ತುಗಳನ್ನು ಆರೋಪಿಯೇ ಲಿಖಿತವಾಗಿ ಹೇಳಿದವರಿಗೆ ಮಾತ್ರ ಕೊಡಿ, ಒಂದೊಂದನ್ನೂ ಪಟ್ಟಿಯ ಜೊತೆ ತಾಳೆ ನೋಡಿ, ಸಹಿ ಮತ್ತು ಫೋನ್ ನಂಬರ್ ಬರೆಸಿಕೊಳ್ಳಿ. ಆರು ತಿಂಗಳಾದ ಮೇಲೆ 'ನಮ್ಮ ತಮ್ಮನ ಬೆಳ್ಳಿ ಉಡಿದಾರ ಎಲ್ಲಿ ಸಾ' ಅಂತ ಬರುವವನು ಬೇರೆ ಅಣ್ಣ ಆಗಿರುತ್ತಾನೆ.